ಅಂಗಳದಿಂದ ತಾರಸಿವರೆಗೆ: ಮಳೆ ಬಿಡುವ ಹೊತ್ತಿಗೆ ಬಂದ ನಿಮ್ಮ ಪ್ರಶ್ನೆಗಳು

ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಅರ್ಧ ಪ್ರಶ್ನೆಗಳು, ಉಳಿದರ್ಧ "ನಮ್ಮಲ್ಲಿ ಹೀಗೆ ಮಾಡಿದೆವು, ಚೆನ್ನಾಗಿ ಬಂತು" ಅನ್ನುವ ಸುದ್ದಿಗಳು. ಆ ಸುದ್ದಿಗಳೂ ಉತ್ತರಗಳೇ ಅಲ್ವಾ, ಹಾಗಾಗಿ ಅವನ್ನೂ ಸೇರಿಸಿದ್ದೇನೆ. ಬಹಳಷ್ಟು ಪ್ರಶ್ನೆಗಳ ಹಿಂದೆ ಇರುವುದು ಒಂದೇ ತೊಂದರೆ. ಘಟ್ಟದ ಮೇಲಿನವರ ಲೆಕ್ಕದಲ್ಲಿ ನಾವು ಘಟ್ಟದ ಕೆಳಗೆ ಗಿಡ ಬೆಳೆಸಲು ಹೋಗುತ್ತಿದ್ದೇವೆ. ನಮ್ಮ ಮಳೆ ಬೇರೆ, ಮಣ್ಣು ಬೇರೆ.

ಮೈಸೂರಿನಿಂದ ಮಂಗಳೂರಿಗೆ ಬಂದು ಕೊಟ್ಟಾರದಲ್ಲಿ ಮನೆ ಮಾಡಿದ್ದೇವೆ. ಜೂನ್‌ನಲ್ಲಿ ವಿಡಿಯೋ ನೋಡಿ ಟೊಮೆಟೊ, ಬೀನ್ಸ್, ಕೊತ್ತಂಬರಿ ಹಾಕಿದೆ. ಒಂದೂ ಉಳಿಯಲಿಲ್ಲ. ಈಗಲಾದರೂ ಏನು ನೆಡಬಹುದು ಹೇಳಿ.
– ಕೊಟ್ಟಾರ, ಮಂಗಳೂರು

ನಿಮ್ಮ ಕೈಗುಣದಲ್ಲಿ ಏನೂ ತೊಂದರೆ ಇಲ್ಲ, ತಿಂಗಳು ಮಾತ್ರ ತಪ್ಪಿದೆ. ಘಟ್ಟದ ಮೇಲಿನ ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು 1,000 ಮಿಲಿಮೀಟರ್ ಆಸುಪಾಸಿನ ಮಳೆ. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಜಾಸ್ತಿ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಆ ನಾಲ್ಕು ತಿಂಗಳು ಬಿಸಿಲೂ ಇಲ್ಲ, ಮಣ್ಣು ಒಣಗುವುದೂ ಇಲ್ಲ. ಅದನ್ನು ತಡೆಯುವ ತರಕಾರಿಗಳನ್ನು ನಮ್ಮ ಹಿರಿಯರು ಆರಿಸಿಯೇ ಇಟ್ಟಿದ್ದಾರೆ: ಹೀರೆ, ಪಡುವಲ, ಹಾಗಲ, ಮುಳ್ಳುಸೌತೆ, ಅಲಸಂಡೆ, ಬೆಂಡೆ, ಕೆಸು. ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ ಬೀಜ ಹಾಕಿದರೆ ಜೋರು ಮಳೆ ಹಿಡಿಯುವ ಮೊದಲೇ ಬಳ್ಳಿ ಚಪ್ಪರಕ್ಕೆ ಹತ್ತಿರುತ್ತದೆ.

ನೀವು ಹಾಕಿದ ಟೊಮೆಟೊಗೆ ಸರಿಯಾದ ಕಾಲ ಈಗ ಬರುತ್ತಿದೆ. ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ ಸಸಿ ಮಾಡಿಕೊಳ್ಳಿ, ಅಕ್ಟೋಬರ್‌ನಲ್ಲಿ ನೆಡಿ. ಹೀಗೆ ಮಾಡಿದರೆ ಹೂ ಬರುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ರಾತ್ರಿ ಸೆಕೆ ಜಾಸ್ತಿ ಇದ್ದರೆ ಟೊಮೆಟೊ ಹೂ ಕಾಯಿ ಕಟ್ಟದೆ ಉದುರುತ್ತದೆ. ನಮ್ಮಲ್ಲಿ ರಾತ್ರಿ ಸ್ವಲ್ಪವಾದರೂ ತಂಪು ಸಿಗುವುದು ಆ ಎರಡು ತಿಂಗಳು ಮಾತ್ರ. ಬದನೆ, ಮೆಣಸು, ಹರಿವೆ, ಮೂಲಂಗಿಯನ್ನೂ ಈಗಲೇ ಶುರು ಮಾಡಬಹುದು. ನವೆಂಬರ್‌ನಲ್ಲಿ ಸೌತೆ, ಕುಂಬಳ, ಚೀನಿಕಾಯಿ (ಅದೇ ಸಿಹಿಗುಂಬಳ) ಹಾಕಿ. ಅಕ್ಟೋಬರ್‌ನಲ್ಲಿ ಸಂಜೆ ಗುಡುಗಿನ ಜೊತೆ ಬರುವ ಮಳೆ ಎಳೆ ಸಸಿಗಳನ್ನು ಮಲಗಿಸಿಬಿಡುತ್ತದೆ, ಅವನ್ನು ಶೀಟಿನ ಮಾಡಿನ ಅಡಿಯಲ್ಲಿ ಇಡಿ.

ಕೊತ್ತಂಬರಿ ಬಗ್ಗೆ ಬೇರೆ ನಾಲ್ಕೈದು ಮಂದಿಯೂ ಕೇಳಿದ್ದಾರೆ. ಅದು ಚಳಿಯ ಬೆಳೆ. ನವೆಂಬರ್‌ನಿಂದ ಜನವರಿ ಒಳಗೆ, ಬೆಳಗ್ಗಿನ ಬಿಸಿಲು ಮಾತ್ರ ಬೀಳುವ ಕಡೆ, ಬೀಜವನ್ನು ಎರಡು ಹೋಳು ಮಾಡಿ ನೇರ ಕುಂಡಕ್ಕೇ ಬಿತ್ತಿ. ಕಿತ್ತು ನೆಟ್ಟರೆ ಅದಕ್ಕೆ ಆಗುವುದಿಲ್ಲ. ವರ್ಷವಿಡೀ ಘಮ ಬೇಕಾದರೆ ಕಾಡು ಕೊತ್ತಂಬರಿ ಹಾಕಿ, ಅದೇ ಉದ್ದ ಎಲೆಯ, ಅಂಚಿನಲ್ಲಿ ಮುಳ್ಳಿರುವ ಗಿಡ. ನೆರಳು, ಮಳೆ ಎರಡೂ ಅದಕ್ಕೆ ಇಷ್ಟ. ಸಾರಿಗೆ ಒಂದೆರಡು ಎಲೆ ಸಾಕು.

ಬದನೆ ಗಿಡ ಹೂ ಬಿಟ್ಟು ಚೆಂದ ಇತ್ತು. ಒಂದು ಮಧ್ಯಾಹ್ನ ಬಾಡಿತು, ಸಂಜೆಗೆ ಸರಿಯಾಯಿತು. ಆಮೇಲೆ ಮೂರ್ನಾಲ್ಕು ದಿನದಲ್ಲಿ ಹಸಿರು ಎಲೆ ಇದ್ದ ಹಾಗೆಯೇ ಸತ್ತಿತು. ಪಕ್ಕದ ಟೊಮೆಟೊ, ಮೆಣಸಿಗೂ ಹಾಗೇ ಆಗುತ್ತಿದೆ. ನೀರು ಕಡಿಮೆಯಾಯಿತಾ?
– ಬಜಪೆ

ನೀರು ಕಡಿಮೆಯಾದದ್ದಲ್ಲ. ದಯವಿಟ್ಟು ಇನ್ನೂ ನೀರು ಹಾಕಬೇಡಿ. ಇದು ಸೊರಗು ರೋಗ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕರಾವಳಿಯಲ್ಲಿ ಬದನೆ, ಟೊಮೆಟೊ, ಮೆಣಸು ಬೆಳೆಸುವವರ ಉತ್ಸಾಹವನ್ನು ಇಷ್ಟು ಕುಂದಿಸಿದ ರೋಗ ಇನ್ನೊಂದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಬಾಡಿದ ಗಿಡದ ಬುಡದ ಕಾಂಡವನ್ನು ಬೆರಳುದ್ದ ಕತ್ತರಿಸಿ, ಗಾಜಿನ ಲೋಟದಲ್ಲಿ ಶುದ್ಧ ನೀರು ತುಂಬಿಸಿ, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಬಿಳಿ ನೂಲಿನ ಹಾಗೆ ಏನೋ ಕೆಳಗೆ ಇಳಿದರೆ ಅದೇ ಬ್ಯಾಕ್ಟೀರಿಯಾ. ಏನೂ ಇಳಿಯದೆ, ಗಿಡದ ಕೆಳಗಿನ ಎಲೆಗಳು ಮೊದಲು ಹಳದಿಯಾಗಿ ನಿಧಾನಕ್ಕೆ ಸತ್ತಿದ್ದರೆ ಅದು ಬೇರೆ, ಶಿಲೀಂಧ್ರದ ತೊಂದರೆ ಇರಬಹುದು.

ಸೊರಗು ಹಿಡಿದ ಗಿಡಕ್ಕೆ ಮದ್ದಿಲ್ಲ. ಅಂಗಡಿಯಲ್ಲಿ ಏನು ಕೊಟ್ಟರೂ ಆ ಗಿಡ ಉಳಿಯುವುದಿಲ್ಲ. ಬೇರುಸಹಿತ ಕಿತ್ತು ಸುಟ್ಟುಬಿಡಿ, ಕಾಂಪೋಸ್ಟಿಗೆ ಹಾಕಬೇಡಿ. ಆ ಕುಂಡದ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ, ಅದರಿಂದ ಸೋರಿದ ನೀರು ಪಕ್ಕದ ಗಿಡದ ಬುಡಕ್ಕೆ ಹೋಗದಂತೆ ನೋಡಿಕೊಳ್ಳಿ, ಅಗೆದ ಕೈಗುದ್ದಲಿಯನ್ನೂ ತೊಳೆದು ಬಿಸಿಲಿಗೆ ಇಡಿ. ಈ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಆ ಜಾಗದಲ್ಲಿ ಒಂದೆರಡು ವರ್ಷ ಬದನೆ, ಟೊಮೆಟೊ, ಮೆಣಸು, ಶುಂಠಿ ಬೇಡ. ಅಲಸಂಡೆ, ಬೆಂಡೆ, ಹರಿವೆ ಹಾಕಿ.

ಇನ್ನು ಮುಂದಕ್ಕೆ ಏನು ಮಾಡಬಹುದು? ಮೂರು ದಾರಿ ಉಂಟು. ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಹುಳಿ ಜಾಸ್ತಿ, ಮಳೆ ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗಿರುತ್ತದೆ. ಈ ಹುಳಿ ಮಣ್ಣಿನಲ್ಲಿ ಗಿಡದ ಬೇರಿಗೆ ಬಲ ಇರುವುದಿಲ್ಲ. ನೆಡುವ ಹದಿನೈದು ದಿನ ಮೊದಲು 20 ಲೀಟರಿನ ಗ್ರೋ ಬ್ಯಾಗಿಗೆ ಎರಡು ಚಮಚ ಚಿಪ್ಪಿನ ಸುಣ್ಣದ ಪುಡಿ ಅಥವಾ ಡಾಲಮೈಟ್ ಬೆರೆಸಿ ನೀರು ಹಾಕಿ ಬಿಡಿ. ಹಟ್ಟಿಗೊಬ್ಬರ, ಹಿಂಡಿ ಆಮೇಲೆ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಎರಡನೆಯದು, ತಡೆಯುವ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಸೊರಗು, ಎಲೆ ಮುದುಡು ಮತ್ತು ಎಲೆ ಅಂಗಮಾರಿ ಮೂರನ್ನೂ ತಡೆಯುವ ತಳಿ. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟರೆ ಮುಂದಿನ ಗಿಡ ಹಾಗೇ ಬರುವುದಿಲ್ಲ, ಪ್ರತಿ ಸಲ ಹೊಸ ಬೀಜವೇ ಬೇಕು.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಕಸಿ. ರಸ್ತೆಬದಿಯಲ್ಲಿ, ಗುಡ್ಡೆಯಲ್ಲಿ ತಾನಾಗಿ ಬೆಳೆಯುವ ಸುಂಡೆ ಗಿಡ ಉಂಟಲ್ಲ, ನಮ್ಮ ಕಡೆ ಕುದನೆ ಅಂತಲೂ ಹೇಳುತ್ತಾರೆ, ಅದರ ಬೇರಿಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ. ಅದರ ಸಸಿಯ ಮೇಲೆ ಬದನೆಯ ತುದಿ ಕೂರಿಸಬೇಕು. ಸುಂಡೆ ಬೀಜ ನಿಧಾನಕ್ಕೆ ಮೊಳೆಯುವುದರಿಂದ ಬದನೆಗಿಂತ ಮೂರ್ನಾಲ್ಕು ವಾರ ಮೊದಲೇ ಹಾಕಿ. ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬಂದಾಗ ಸುಂಡೆಯ ತುದಿ ಕತ್ತರಿಸಿ ನಡುವೆ ಸೀಳಿ, ಬದನೆಯ ತುದಿಯನ್ನು ಬೆಣೆಯ ಹಾಗೆ ಕೆತ್ತಿ ಸೇರಿಸಿ, ಕ್ಲಿಪ್ ಅಥವಾ ತೆಳು ಪ್ಲಾಸ್ಟಿಕ್ ಪಟ್ಟಿ ಸುತ್ತಿ. ಒಂದು ವಾರ ನೆರಳಿನಲ್ಲಿ, ಮೇಲೆ ಪ್ಲಾಸ್ಟಿಕ್ ತೊಟ್ಟೆ ಮುಚ್ಚಿ ಇಡಿ. ನೆಡುವಾಗ ಕಸಿಯ ಗಂಟು ಮಣ್ಣಿಗಿಂತ ಮೇಲೇ ಇರಬೇಕು. ಗಂಟು ಮಣ್ಣಿನೊಳಗೆ ಹೋದರೆ ಬದನೆ ತನ್ನದೇ ಬೇರು ಬಿಡುತ್ತದೆ, ರೋಗ ಅಲ್ಲಿಂದ ಒಳಗೆ ಬರುತ್ತದೆ.

ಹೆಚ್ಚು ಜಾಗದಲ್ಲಿ ಬೆಳೆಸುವವರು ಮಣ್ಣು ಪರೀಕ್ಷೆಯ ಬಗ್ಗೆ ಬ್ರಹ್ಮಾವರದ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಣ್ಣಿನ ಹುಳಿ ಎಷ್ಟು ಅಂತ ಗೊತ್ತಾದರೆ ಸುಣ್ಣ ಎಷ್ಟು ಅಂತ ಸುಮ್ನೆ ಊಹಿಸಬೇಕಾಗಿಲ್ಲ.

ನನ್ನ ತವರು ಕಟಪಾಡಿ ಹತ್ತಿರ. ಅಲ್ಲಿಂದ ಮಟ್ಟುಗುಳ್ಳ ಬದನೆಯ ಬೀಜ ತಂದು ಕುಲಶೇಖರದ ಮನೆಯಲ್ಲಿ ಹಾಕಿದ್ದೆ. ಕಾಯಿ ಚೆನ್ನಾಗಿ ಬಂತು. ಅತ್ತೆ ಮಾತ್ರ "ಅದೇ ರುಚಿ ಇಲ್ಲ" ಅನ್ನುತ್ತಾರೆ. ಬೀಜ ಎತ್ತಿಡಬಹುದಾ ಅಕ್ಕಾ?
– ಕುಲಶೇಖರ, ಮಂಗಳೂರು

ಕಾಯಿ ಬಂದದ್ದು ಕೇಳಿ ತುಂಬ ಖುಷಿಯಾಯಿತು. ಅತ್ತೆ ಹೇಳುವುದರಲ್ಲೂ ಅರ್ಥ ಉಂಟು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದ್ದೇ ಅದು ಮಟ್ಟು ಅನ್ನುವ ಊರಿನ ಬೆಳೆ ಅನ್ನುವ ಕಾರಣಕ್ಕೆ. ಮಟ್ಟುವಿನದು ಸಮುದ್ರ, ಹೊಳೆ ಎರಡೂ ಹತ್ತಿರ ಇರುವ ಮರಳು ಮಿಶ್ರಿತ ಗದ್ದೆ. ಭತ್ತ ಕೊಯ್ದ ಮೇಲೆ ಗುಳ್ಳ ನೆಡುತ್ತಾರೆ. ಸೋದೆ ಮಠದ ವಾದಿರಾಜ ಗುರುಗಳು ಕೊಟ್ಟ ಬೀಜ ಎಂದು ಊರಿನವರು ನಂಬಿ ಉಳಿಸಿಕೊಂಡು ಬಂದದ್ದು. ನಿಮ್ಮ ಕುಲಶೇಖರದ ಕೆಂಪು ಮಣ್ಣಿನಲ್ಲಿ ಅದೇ ಗಿಡ ಬೆಳೆಯುತ್ತದೆ, ರುಚಿಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ. ಮಣ್ಣಿಗೆ ಒಂದು ಪಾಲು ಹೊಳೆ ಮರಳು ಬೆರೆಸಿ ನೋಡಿ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಮನೆ ಹುಳಿಗೆ, ಬೋಳು ಕೊದ್ದೆಲಿಗೆ ಧಾರಾಳ ಸಾಕು.

ಬೀಜ ಖಂಡಿತ ಇಡಿ, ಒಂದು ಎಚ್ಚರ ಬೇಕು. ಬದನೆ ಹೂ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೂ ದುಂಬಿ, ಜೇನು ಬಂದು ಪಕ್ಕದ ನೇರಳೆ ಬದನೆಯ ಪರಾಗ ತಂದು ಬೆರೆಸುವುದುಂಟು. ಬೀಜಕ್ಕೆ ಬೇಕಾದ ಒಂದೆರಡು ಹೂಗಳಿಗೆ ಮೊಗ್ಗಿರುವಾಗಲೇ ತೆಳು ಬಟ್ಟೆಯ ಚೀಲ ಕಟ್ಟಿ, ಅರಳಿದ ದಿನ ಬೆಳಗ್ಗೆ ರೆಂಬೆಯನ್ನು ಮೆಲ್ಲಗೆ ಬೆರಳಿನಿಂದ ತಟ್ಟಿ. ಕಾಯಿ ಕಟ್ಟಿದ ಮೇಲೆ ಚೀಲ ತೆಗೆದು ದಾರ ಕಟ್ಟಿ ಗುರುತು ಮಾಡಿ. ಆ ಕಾಯಿ ಗಿಡದಲ್ಲೇ ಪೂರ್ತಿ ಹಳದಿಯಾಗಬೇಕು. ಅಡುಗೆಗೆ ಕೊಯ್ಯುವ ಹದದ ಕಾಯಿಯ ಬೀಜ ಮೊಳೆಯುವುದಿಲ್ಲ.

ಹೀರೆಕಾಯಿ ಬೆರಳುದ್ದ ಆಗುವಾಗಲೇ ಸೊಟ್ಟಗಾಗಿ ಕೊಳೆಯುತ್ತದೆ, ಒಳಗೆ ಹುಳ. ಅಂಗಡಿಯಿಂದ ಹಣ್ಣು ನೊಣದ ಬಲೆ ತಂದು ಕಟ್ಟಿದೆ. ನೊಣ ತುಂಬ ಬಿತ್ತು, ಆದರೂ ಕಾಯಿ ಉಳಿಯಲಿಲ್ಲ.
– ಪರ್ಕಳ

ನೊಣವನ್ನು ಸೆಳೆಯಲು ಬಲೆಯೊಳಗೆ ಇಟ್ಟಿರುವ ಮದ್ದಿನ ತುಂಡಿನ ಹೆಸರು ಓದಿ ನೋಡಿ. ಮೀಥೈಲ್ ಯೂಜಿನಾಲ್ ಅಂತ ಇದ್ದರೆ ಅದು ಮಾವು, ಪೇರಳೆಯ ನೊಣಕ್ಕೆ. ಹೀರೆ, ಹಾಗಲ, ಪಡುವಲಕ್ಕೆ ಬರುವ ನೊಣವೇ ಬೇರೆ, ಅದಕ್ಕೆ ಕ್ಯೂಲೂರ್ ಇರುವ ಬಲೆ ಬೇಕು. ಮಾವಿನ ಮರದ ಅಡಿಯಲ್ಲಿ ಗೆರಟೆಯಲ್ಲಿ ತುಳಸಿ ಜಜ್ಜಿ ಇಡುವ ಕ್ರಮ ಕೆಲವು ಮನೆಗಳಲ್ಲಿ ಉಂಟು. ತುಳಸಿಯಲ್ಲೂ ಮೀಥೈಲ್ ಯೂಜಿನಾಲ್ ಇರುವುದರಿಂದ ಮಾವಿಗೆ ಅದು ಕೆಲಸ ಮಾಡುತ್ತದೆ, ಹೀರೆಗೆ ಮಾಡುವುದಿಲ್ಲ.

ಸರಿಯಾದ ಬಲೆ ಹಾಕಿದರೂ ಅದಕ್ಕೆ ಬೀಳುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಆದ್ದರಿಂದ ಕಾಯಿ ಕಟ್ಟಿದ ಕೂಡಲೇ ಚೀಲ ಹಾಕಿ. ಮಳೆಗೆ ಕಾಗದ ನಿಲ್ಲುವುದಿಲ್ಲ, ಹಳೇ ಸೀರೆಯ ತುಂಡು ಅಥವಾ ತೂತು ಮಾಡಿದ ಪ್ಲಾಸ್ಟಿಕ್ ತೊಟ್ಟೆ ಸಾಕು. ಹುಳ ಬಿದ್ದ ಕಾಯಿಯನ್ನು ಗಿಡದ ಬುಡಕ್ಕೆ ಎಸೆಯಲೇಬೇಡಿ, ಹುಳ ಮಣ್ಣಿಗಿಳಿದು ಅಲ್ಲೇ ಕೋಶ ಕಟ್ಟಿ ಹೊಸ ನೊಣವಾಗಿ ಬರುತ್ತದೆ. ಸಾಬೂನು ನೀರಿನ ಬಕೆಟಿಗೆ ಹಾಕಿ ಎರಡು ದಿನ ಮುಳುಗಿಸಿಡಿ.

ಹೀರೆ ಹೂ ಉದುರುತ್ತಿತ್ತು. ಮಗಳು ಶಾಲೆಯಿಂದ ಬಂದ ಮೇಲೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಲು ಶುರು ಮಾಡಿದಳು. ಈಗ ಕಾಯಿ ಕಟ್ಟುತ್ತಿದೆ. ಚೀನಿಕಾಯಿಗೂ ಹಾಗೇ ಮಾಡಿದಳು, ಅದು ಮಾತ್ರ ಆಗಲಿಲ್ಲ.
– ಕಾರ್ಕಳ

ಮಗಳಿಗೆ ನನ್ನ ಮೆಚ್ಚುಗೆ ತಿಳಿಸಿ. ಹೀರೆ ಹೂ ಅರಳುವುದು ಸಂಜೆ, ಹಾಗಾಗಿ ಅವಳು ಶಾಲೆ ಬಿಟ್ಟು ಬಂದ ಹೊತ್ತು ಸರಿಯಾಗಿ ಹೊಂದಿತು. ಪಡುವಲ, ಸೋರೆಯೂ ಸಂಜೆಯ ಮೇಲೆ ಅರಳುವಂಥವು. ಚೀನಿಕಾಯಿ, ಸೌತೆ, ಹಾಗಲ ಬೆಳಗ್ಗೆ ಅರಳುತ್ತವೆ. ಚೀನಿಕಾಯಿ ಹೂ ಬಿಸಿಲೇರುವ ಹೊತ್ತಿಗೆ ಮುಚ್ಚಿಯೇ ಬಿಡುತ್ತದೆ. ಅವಳು ಶಾಲೆಗೆ ಹೊರಡುವ ಮೊದಲು, ಏಳು ಗಂಟೆಯೊಳಗೆ ಮಾಡಲಿ. ಹೊಸಬರಿಗೆ ಒಂದು ಮಾತು: ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಮೊದಮೊದಲು ಬರುವುದೆಲ್ಲ ಗಂಡು ಹೂಗಳೇ, ಅವು ಉದುರಿದರೆ ಗಾಬರಿ ಬೇಡ.

ಬಸಳೆ ಎಲೆ ತುಂಬ ಕೆಂಪು ಅಂಚಿನ ಚುಕ್ಕೆ. ತಿನ್ನಬಹುದಾ?
– ಉಳ್ಳಾಲ

ಚುಕ್ಕೆ ಎಲೆ ಕಿತ್ತು ಹಾಕಿ, ಒಳ್ಳೆಯ ಎಲೆ ತಿನ್ನಿ. ಮಳೆನೀರು ನೆಲದಿಂದ ಎಲೆಗೆ ಸಿಡಿದು ಹರಡುವ ಶಿಲೀಂಧ್ರ ಇದು. ಬುಡಕ್ಕೆ ತರಗೆಲೆ ಹಾಸಿ, ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸಿ, ಒತ್ತೊತ್ತಾಗಿ ಇರುವುದನ್ನು ಕೊಯ್ದು ಪುಂಡಿಗೋ ಗಸಿಗೋ ಬಳಸಿ. ಗಾಳಿ ಆಡಿದರೆ ಹೊಸ ಚಿಗುರು ಶುದ್ಧವಾಗಿ ಬರುತ್ತದೆ.

ನಾವು ಬೆಂದೂರಿನಲ್ಲಿ ಫ್ಲಾಟಿನ ಮೇಲಿನ ಅಂತಸ್ತಿನವರು. ತಾರಸಿಯಲ್ಲಿ ಗಿಡ ಇಡಲು ಒಪ್ಪಿಗೆ ಸಿಕ್ಕಿದೆ. ಭಾರ ಎಷ್ಟಾಗುತ್ತದೆ ಅಂತ ಎಲ್ಲರಿಗೂ ಚಿಂತೆ.
– ಬೆಂದೂರು, ಮಂಗಳೂರು

ಚಿಂತೆ ಮಾಡುವುದು ಒಳ್ಳೆಯದೇ. ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕಿಲೋಗಿಂತ ಜಾಸ್ತಿ ತೂಗುತ್ತದೆ. 100 ಲೀಟರಿನ ಡ್ರಮ್ಮಿನ ತುಂಬ ಬರೀ ಮಣ್ಣು ಹಾಕಿದರೆ ಮಳೆಯಲ್ಲಿ 150 ಕಿಲೋ ದಾಟಿತು ಅಂತಲೇ ಲೆಕ್ಕ. ಡ್ರಮ್ಮು ಬೇಡ, 15ರಿಂದ 20 ಲೀಟರಿನ ಬ್ಯಾಗ್ ಸಾಕು. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಹಟ್ಟಿಗೊಬ್ಬರ ಬೆರೆಸಿದರೆ ಭಾರವೂ ಇಳಿಯುತ್ತದೆ. 5 ಕಿಲೋದ ನಾರಿನ ಪುಡಿಯ ಒಂದು ಗಟ್ಟಿ ನೆನೆದರೆ ಸುಮಾರು 60ರಿಂದ 70 ಲೀಟರ್ ಆಗುತ್ತದೆ. ಅದನ್ನು ಎರಡು ಮೂರು ಸಲ ನೀರು ಬದಲಿಸಿ ತೊಳೆದೇ ಬಳಸಿ, ಉಪ್ಪು ಮತ್ತು ಕಂದು ಬಣ್ಣದ ಒಗರು ಹೋಗಬೇಕು. ತೊಳೆಯದೆ ಹಾಕಿದರೆ ಎಲೆಯ ತುದಿ ಸುಡುತ್ತದೆ.

ಬ್ಯಾಗುಗಳನ್ನು ತಾರಸಿಯ ನಡುವೆ ರಾಶಿ ಹಾಕದೆ ಬೀಮ್ ಹಾದುಹೋದ ಕಡೆ, ಅಂಚಿನ ಗೋಡೆಯ ಉದ್ದಕ್ಕೆ ಸಾಲಾಗಿ ಇಡಿ. ಕಟ್ಟಡ ಹಳೆಯದಾಗಿದ್ದರೆ ಒಬ್ಬ ಎಂಜಿನಿಯರ್ ಕೈಯಲ್ಲಿ ತೋರಿಸಿಯೇ ಶುರು ಮಾಡಿ. ಬ್ಯಾಗಿನ ಅಡಿಗೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಕೊಟ್ಟರೆ ನೀರು ಹರಿದುಹೋಗುತ್ತದೆ, ಸೋರಿಕೆಯ ಜಗಳ ಬರುವುದಿಲ್ಲ. ಮಾರ್ಚ್ ಬಂದ ಕೂಡಲೇ ನೆರಳುಬಲೆ ಕಟ್ಟಿ. ಇನ್ನೊಂದು, ನಾರಿನ ಪುಡಿ ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಒದ್ದೆ ಇರುತ್ತದೆ. ಬೆರಳು ಎರಡು ಗಂಟು ಒಳಗೆ ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು.

ತಾರಸಿಯಲ್ಲಿ ಶಂಕರಪುರದ ಮಲ್ಲಿಗೆ ಕುಂಡಗಳಲ್ಲಿ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಮನೆ ಖರ್ಚಿಗೆ ಆಗುವಷ್ಟು ಹೂ ಮಾರಿದೆ. ನೆಲಗಡಲೆ ಹಿಂಡಿ ನೆನೆಸಿದ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಈಗ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತದೆ.
– ಶಿರ್ವ

ಹೂ ಮಾರಿ ಕೈಗೆ ದುಡ್ಡು ಬಂದ ಸುದ್ದಿ ಬೇರೆಯವರಿಗೂ ಧೈರ್ಯ ಕೊಡುತ್ತದೆ, ಬರೆದದ್ದಕ್ಕೆ ಥ್ಯಾಂಕ್ಸ್. ಹಿಂಡಿ ನೀರಿನ ಅಳತೆ ಕೇಳುವವರಿಗಾಗಿ: 100 ಗ್ರಾಂ ಹಿಂಡಿ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಯಲಿ, ಆಮೇಲೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ.

ಮೊಗ್ಗಿನ ಬುಡ ಊದಿ ನೇರಳೆಯಾಗಿದ್ದರೆ ಅದು ಮೊಗ್ಗಿನೊಳಗೆ ಮೊಟ್ಟೆ ಇಡುವ ಸಣ್ಣ ನೊಣದ ಕೆಲಸ. ಮೊಗ್ಗಿನಲ್ಲಿ ತೂತು ಕಂಡರೆ ಮೊಗ್ಗು ಕೊರೆಯುವ ಹುಳ. ಎರಡಕ್ಕೂ ಮೊದಲ ಕೆಲಸ ಒಂದೇ. ಕೆಟ್ಟ ಮೊಗ್ಗು, ಬಿದ್ದ ಮೊಗ್ಗು ಎಲ್ಲ ಹೆಕ್ಕಿ ಸುಡಿ, ಕುಂಡದ ಮೇಲ್ಮಣ್ಣು ಕೆದಕಿ ಬಿಸಿಲು ತೋರಿಸಿ. ಬೇವಿನ ಎಣ್ಣೆ ಲೀಟರಿಗೆ 5 ಮಿಲಿಲೀಟರ್, ಸ್ವಲ್ಪ ಸಾಬೂನು ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಮಳೆ ಪೂರ್ತಿ ಬಿಟ್ಟ ಮೇಲೆ ಗಿಡ ಸವರಿ. ಹೂ ಬರುವುದು ಹೊಸ ಚಿಗುರಿನಲ್ಲಿ, ಸವರಲು ಹೆದರಬೇಡಿ.

ರಾತ್ರಿ ದೊಡ್ಡ ಬಸವನಹುಳುಗಳು ಹರಿವೆ, ಪಪ್ಪಾಯಿ ಸಸಿ ಎಲ್ಲ ತಿನ್ನುತ್ತಿವೆ. ಉಪ್ಪು ಹಾಕಿ ಸಾಕಾಯಿತು.
– ಕಿನ್ನಿಗೋಳಿ

ಉಪ್ಪು ಮಣ್ಣಿಗೆ ಹಾಕುವುದನ್ನು ಇಂದೇ ನಿಲ್ಲಿಸಿ, ಹುಳು ಸತ್ತರೂ ಗಿಡವೂ ಹೋಗುತ್ತದೆ. ಇದು ಆಫ್ರಿಕದ ದೈತ್ಯ ಬಸವನಹುಳು, ಮಣ್ಣಿನಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರಡಿ ಪಪ್ಪಾಯಿ ಎಲೆ ಇಡಿ, ಎಲ್ಲ ಅಲ್ಲಿಗೆ ಬಂದು ಸೇರುತ್ತವೆ. ಬೆಳಗ್ಗೆ ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟಿಗೆ ಹಾಕಿ, ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ. ಬರಿಗೈಯಲ್ಲಿ ಮುಟ್ಟಲೇಬಾರದು, ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳ ಇದರಲ್ಲಿ ಇರಬಹುದು. ಮಕ್ಕಳಿಗೂ ಹೇಳಿಡಿ. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ. ಖಾಲಿ ಚಿಪ್ಪುಗಳನ್ನು ಹೂತುಬಿಡಿ, ನೀರು ನಿಂತರೆ ಸೊಳ್ಳೆ ಆಗುತ್ತದೆ. ಅಕ್ಕಪಕ್ಕದ ಮನೆಯವರೂ ಸೇರಿ ಹೆಕ್ಕಿದರೆ ಮಾತ್ರ ಇದು ಕಡಿಮೆಯಾಗುವುದು.

ನಮ್ಮಲ್ಲಿ ಊರಿನ ಅಲಸಂಡೆ, ಬಿಳಿ ಬೆಂಡೆ, ಸೌತೆ ಬೀಜ ಉಂಟು. ಕೇಳಿದವರಿಗೆ ಕೊಡುವ ಆಸೆ. ಆದರೆ ಮುಂದಿನ ಮಳೆಗಾಲದವರೆಗೆ ಇಟ್ಟರೆ ಹುಳ ಬೀಳುತ್ತದೆ, ಬೂಸ್ಟು ಹಿಡಿಯುತ್ತದೆ.
– ಬೆಳ್ಮಣ್

ಕೊಡುವ ಮನಸ್ಸು ದೊಡ್ಡದು, ಬೀಜ ಕೆಡಲು ಬಿಡಬಾರದು. ನಮ್ಮ ಗಾಳಿಯಲ್ಲೇ ನೀರಿನ ಪಸೆ ಇರುವುದರಿಂದ ಒಣಗಿಸುವುದೇ ಮುಖ್ಯ ಕೆಲಸ. ಅಲಸಂಡೆಯನ್ನು ಕೋಡು ಗಿಡದಲ್ಲೇ ಒಣಗಿದ ಮೇಲೆ ಕೊಯ್ದು, ಎಳೆ ಬಿಸಿಲಿಗೆ ನಾಲ್ಕೈದು ದಿನ ಹಾಕಿ. ಹಲ್ಲಿನಲ್ಲಿ ಕಚ್ಚಿದರೆ ಹಲ್ಲು ಇಳಿಯಬಾರದು. ಜರಡಿ ಹಿಡಿದ ಬೂದಿ ಬೆರೆಸಿ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ. ಬೆಂಡೆಗೂ ಹಾಗೆಯೇ. ಸೌತೆಗೆ ಹಳೇ ಕ್ರಮವೇ ಚೆಂದ, ಚೆನ್ನಾಗಿ ಬಲಿತ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ, ಬೇಕಾದಾಗ ಒಡೆದು ಬೀಜ ತೊಳೆದು ನೆರಳಲ್ಲಿ ಒಣಗಿಸಿ. ಬಾಟಲಿಯ ತಳಕ್ಕೆ ಹುರಿದು ಆರಿಸಿದ ಅಕ್ಕಿಯ ಸಣ್ಣ ಗಂಟು ಹಾಕಿದರೆ ಉಳಿದ ಪಸೆಯನ್ನೂ ಅದು ಹೀರುತ್ತದೆ.

ಯಾರಿಗಾದರೂ ಕೊಡುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಏಳೆಂಟು ಮೊಳೆತರೆ ಕೊಡಬಹುದು. ಪೊಟ್ಟಣದ ಮೇಲೆ ತಳಿ, ಊರು, ಬೀಜ ತೆಗೆದ ತಿಂಗಳು ಬರೆಯಿರಿ. ಅಂಗಡಿಯ ಹೈಬ್ರಿಡ್ ಗಿಡದಿಂದ ತೆಗೆದ ಬೀಜವಾದರೆ ಅದನ್ನೂ ಬರೆಯಿರಿ, ಪಡೆದವರಿಗೆ ಮುಂದೆ ಏನು ಬರಬಹುದು ಅಂತ ಗೊತ್ತಿರಲಿ.